ಮಗಳ ಜೊತೆ ಮತ್ತೆ ಮಾಲ್ಗುಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ಮಳೆಗಾಲದಲ್ಲಿ ಆರು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಮಾಲ್ಗುಡಿ ಡೇಸ್’ ನೋಡಿದೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ದೂರದರ್ಶನದಲ್ಲಿ ನೋಡಿದ್ದ ಧಾರಾವಾಹಿ ಅದು. ಮೊದಲ ಸಲ ಹಾಕಿದಾಗಲ್ಲ, ಆಮೇಲೆ ಮತ್ತೆ ಹಾಕಿದಾಗ. ಶಿರಸಿ ಪೇಟೆಯಿಂದ ಒಳಗೆ, ತೋಟದ ನಡುವಿನ ಮನೆ ನಮ್ಮದು. ಇಲ್ಲಿ ಏನು ಮಾಡಿದರೂ ಸುದ್ದಿ ನಾಲ್ಕು ಮನೆಗೆ ಹೋಗುತ್ತದೆ. ಹಾಗಾಗಿ ಮದುವೆಮನೆಯ ಊಟದ ಪಂಕ್ತಿಯಲ್ಲಿ, ಶಾಲೆಯ ಗೇಟಿನ ಹತ್ತಿರ, ಕುಮಟಾ–ಕಾರವಾರದ ಗೆಳತಿಯರ ಫೋನಿನಲ್ಲಿ ಒಂದೇ ತರಹದ ಪ್ರಶ್ನೆಗಳು ಬರತೊಡಗಿದವು. ಕೇಳಿದವರೆಲ್ಲ ತಾವು ಸಣ್ಣವರಿದ್ದಾಗ ನೋಡಿದ್ದನ್ನು ಮಕ್ಕಳಿಗೂ ತೋರಿಸಬೇಕು ಅಂತ ಆಸೆ ಇಟ್ಟುಕೊಂಡವರೇ. ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎಷ್ಟನೇ ವಯಸ್ಸಿಗೆ ತೋರಿಸಬಹುದು?

ಎರಡು ವರ್ಷದ ಒಳಗಿನ ಮಗುವಿಗೆ ಪರದೆ ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಅದನ್ನೇ. ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಮಾಲ್ಗುಡಿಯ ಒಂದು ಕಂತು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆದರೂ ಮೂರು ನಾಲ್ಕು ವರ್ಷಕ್ಕೆ ಅವಸರ ಮಾಡಬೇಡಿ. ಮಗು ಶಾಲೆಗೆ ಹೋಗಿರಬೇಕು. ಒಬ್ಬ ಮೇಷ್ಟ್ರನ್ನು ಕಂಡು ಹೆದರಿರಬೇಕು. ಒಬ್ಬ ಗೆಳೆಯನ ಜೊತೆ ಟೂ ಬಿಟ್ಟು ಮತ್ತೆ ರಾಜಿಯಾಗಿರಬೇಕು. ಧಾರಾವಾಹಿಯ ಪುಟ್ಟ ಹುಡುಗ ಸ್ವಾಮಿಯ ಲೋಕ ಶುರುವಾಗುವುದೇ ಅಲ್ಲಿಂದ. ನಮ್ಮ ಮನೆಯಲ್ಲಿ ಒಂದನೇ ಕ್ಲಾಸು ಶುರುವಾದ ಮೇಲೆ ನೋಡಿದೆವು, ಅದು ಸರಿಯಾದ ಹೊತ್ತು ಅಂತ ನನಗೆ ಅನಿಸಿದೆ.

ಈಗ ಮಕ್ಕಳಿಗೆ ಅಂತಲೇ ಬೇಕಾದಷ್ಟು ಬರುತ್ತದೆ. ಇದೇ ಯಾಕೆ?

ಮೊದಲ ಕಂತು ಹಾಕಿದ ಕೂಡಲೇ ಮಗಳು ಕೇಳಿದ್ದು, “ಆಯಿ, ಇದು ದೊಡ್ಡಪ್ಪನ ಮನೆಯಾ?” ಹೆಂಚಿನ ಮಾಡು, ಮರದ ಕಂಬ, ಜಗಲಿ, ಅಂಗಳ. ಅವಳು ನೋಡುವ ಬಣ್ಣದ ಕಾರ್ಟೂನುಗಳಲ್ಲಿ ಒಂದು ಮನೆಗೂ ಜಗಲಿ ಇಲ್ಲ. ಟಿವಿಯೊಳಗಿನ ಮನೆ ನಮ್ಮ ಮನೆಯ ಹಾಗೆ ಇರಬಹುದು ಅಂತ ಅವಳಿಗೆ ಅವತ್ತೇ ಗೊತ್ತಾಗಿದ್ದು.

ಆರ್.ಕೆ. ನಾರಾಯಣ್ ಬರೆದ ಮಾಲ್ಗುಡಿ ಸರಯೂ ನದಿ ದಂಡೆಯ ಊರು. ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದನ್ನು ಆಗುಂಬೆಗೆ ತಂದು, ನಮ್ಮ ಮಲೆನಾಡಿನ ಮಣ್ಣಿನಲ್ಲಿ ನಿಲ್ಲಿಸಿದವರು ಶಂಕರ್ ನಾಗ್. ಅವರು ಹುಟ್ಟಿದ್ದು 1954ರಲ್ಲಿ, ಇದೇ ಹೊನ್ನಾವರ ತಾಲ್ಲೂಕಿನ ಮಲ್ಲಾಪುರದಲ್ಲಿ. ಸ್ವಾಮಿಯ ವಕೀಲ ಅಪ್ಪನಾಗಿ ಬರುವ ಗಿರೀಶ್ ಕಾರ್ನಾಡ್ ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಅಮ್ಮ ವೈಶಾಲಿ ಕಾಸರವಳ್ಳಿ. ಸ್ವಾಮಿ ಅಂದರೆ ಮಾಸ್ಟರ್ ಮಂಜುನಾಥ್, ಆ ಮುಖ ಬಿಟ್ಟು ಬೇರೆ ಮುಖದ ಸ್ವಾಮಿಯನ್ನು ನನಗೆ ಊಹಿಸಲೂ ಆಗುವುದಿಲ್ಲ. ಆರ್.ಕೆ. ಲಕ್ಷ್ಮಣ್ ಗೆರೆ, ಎಲ್. ವೈದ್ಯನಾಥನ್ ಸಂಗೀತ. ಮಾತೇ ಇಲ್ಲದ ಆ ತಾನನವನ್ನು ಮಗಳು ಎರಡನೇ ದಿನಕ್ಕೇ ಬಚ್ಚಲುಮನೆಯಲ್ಲಿ ಹಾಡುತ್ತಿದ್ದಳು.

“ನಮ್ಮ ಹೊನ್ನಾವರ ಬದಿ ಮಾಣಿ ಮಾಡಿದ್ದಡ” ಅಂತ ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳಿ ಒಂದು ಗಳಿಗೆ ಸುಮ್ಮನಾಗುತ್ತಿದ್ದಳು. ನಾನು ನೋಡುವ ಹೊತ್ತಿಗೆ ಶಂಕರ್ ನಾಗ್ ಇರಲಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನ ಬಳಿ ಅಪಘಾತದಲ್ಲಿ ತೀರಿಕೊಂಡಿದ್ದರು. ಆಗ ಅವರಿಗೆ 35 ವರ್ಷ. ಆ ವಯಸ್ಸನ್ನು ನಾನೇ ಈಗ ದಾಟಿದ್ದೇನೆ. ಅವರ ಹೆಸರು ಪರದೆ ಮೇಲೆ ಬಂದಾಗಲೆಲ್ಲ ಗಂಟಲು ಕಟ್ಟುತ್ತದೆ.

ಮಗುವಿಗೆ ಹಿಂದಿ ಬರುವುದಿಲ್ಲ. ಹೇಗೆ ನೋಡುವುದು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ನಾವು ನೋಡುವಾಗಲೂ ಮನೆಯಲ್ಲಿ ಯಾರಿಗೂ ಹಿಂದಿ ಬರುತ್ತಿರಲಿಲ್ಲ, ಅಲ್ವಾ?

ನಮ್ಮದು ಕಪ್ಪು-ಬಿಳುಪು ಡಯನೋರಾ ಟಿವಿ. ಉದ್ದನೆಯ ಬಿದಿರಿಗೆ ಆಂಟೆನಾ ಕಟ್ಟಿತ್ತು. ಗಾಳಿ ಬೀಸಿದರೆ ಅದು ತಿರುಗಿಬಿಡುತ್ತಿತ್ತು. ಚಿಕ್ಕಪ್ಪ ಮಾಡು ಹತ್ತಿ ಸರಿ ಮಾಡುತ್ತಿದ್ದ. “ಬಂತಾ?” “ಇಲ್ಲೆ.” “ಈಗ?” “ಬಂತು, ಬಂತು, ಹೋತು!” ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ಸುಲಿಯುತ್ತಲೇ ನಮಗೆ ಕಥೆ ಹೇಳುತ್ತಿದ್ದಳು. ಹಿಂದಿಯ ಒಂದು ಅಕ್ಷರ ಅವಳಿಗೆ ಗೊತ್ತಿಲ್ಲ. ಮುಖ ನೋಡಿ ಹೇಳುತ್ತಿದ್ದಳು. “ಅಪ್ಪಯ್ಯಂಗೆ ಸಿಟ್ಟು ಬೈಂದು. ಮಾಣಿ ಲೆಕ್ಕ ಮಾಡಿದ್ದನಿಲ್ಲೆ.” ಎಷ್ಟೋ ಸಲ ಅದು ಸರಿಯೇ ಇರುತ್ತಿತ್ತು.

ಮೊದಲ ದಿನ ನಾನು ಒಂದೊಂದು ಮಾತನ್ನೂ ಮಗಳಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಹತ್ತು ನಿಮಿಷ ಕೇಳಿದಳು. ಆಮೇಲೆ ತನ್ನ ಪುಟ್ಟ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. “ಆಯಿ, ನಂಗೆ ನೋಡಲೆ ಕೊಡು.” ಕೈಯಲ್ಲಿ ಹಲಸಿನ ಹಪ್ಪಳದ ಎಣ್ಣೆ ಇತ್ತು. ಅವತ್ತಿನಿಂದ ಕಂತು ಶುರುವಾಗುವ ಮೊದಲು ನಾಲ್ಕು ವಾಕ್ಯದಲ್ಲಿ ಇವತ್ತು ಏನಾಗುತ್ತದೆ ಅಂತ ಹೇಳುತ್ತೇನೆ. ನಡುವೆ ಅವಳು ಕೇಳಿದರೆ ಮಾತ್ರ ಬಾಯಿ ತೆರೆಯುತ್ತೇನೆ. ಮಕ್ಕಳು ಮುಖ ಓದುತ್ತಾರೆ. ಸ್ವಾಮಿ ಸುಳ್ಳು ಹೇಳುತ್ತಿದ್ದಾನೆ ಅಂತ ಹಿಂದಿ ಬರುವ ನನಗಿಂತ ಮೊದಲು ಅವಳಿಗೇ ಗೊತ್ತಾಗುತ್ತಿತ್ತು.

ಕಾರವಾರದ ಗೆಳತಿಯ ಮನೆಮಾತು ಕೊಂಕಣಿ. ಕನ್ನಡದಲ್ಲಿ ಹೇಳಲಾ, ಕೊಂಕಣಿಯಲ್ಲಿ ಹೇಳಲಾ ಅಂತ ಕೇಳಿದಳು. ಮಗುವನ್ನು ಮಲಗಿಸುವಾಗ ಯಾವ ಭಾಷೆ ಬಾಯಿಗೆ ಬರುತ್ತದೋ ಅದರಲ್ಲಿ ಹೇಳು ಅಂದೆ. ಶಂಕರ್ ನಾಗ್ ಮನೆಮಾತೂ ಕೊಂಕಣಿಯೇ ಅಂದಾಗ ಅವಳಿಗೆ ತುಂಬಾ ಖುಷಿಯಾಯಿತು.

ಐದು ನಿಮಿಷಕ್ಕೇ ಮಗು ಎದ್ದು ಹೋಗುತ್ತದೆ. ಹಿಡಿದು ಕೂರಿಸಬೇಕಾ?

ಬೇಡ. ದಯವಿಟ್ಟು ಬೇಡ.

ಇದು ನಿಧಾನದ ಧಾರಾವಾಹಿ. ಈಗಿನ ಮಕ್ಕಳ ಕಾರ್ಯಕ್ರಮಗಳಲ್ಲಿ ಕಣ್ಣು ಮಿಟುಕಿಸುವುದರೊಳಗೆ ಚಿತ್ರ ಬದಲಾಗುತ್ತದೆ. ಇಲ್ಲಿ ಒಬ್ಬ ಹುಡುಗ ಬೀದಿಯ ಆ ತುದಿಯಿಂದ ಈ ತುದಿಗೆ ನಡೆದು ಬರುತ್ತಾನೆ, ನಾವು ಪೂರ್ತಿ ನೋಡುತ್ತೇವೆ. ಮಗಳು ಎದ್ದು ಹೋಗಿ ಜಗಲಿಯಲ್ಲಿ ಅಡಿಕೆ ಸಿಪ್ಪೆಯ ದೋಣಿ ಮಾಡುತ್ತಿದ್ದಳು. ಸಂಗೀತ ಬದಲಾದರೆ ಓಡಿ ಬರುತ್ತಿದ್ದಳು. ನಾನು ಕರೆಯಲಿಲ್ಲ. ಮೂರನೇ ಕಂತಿನ ಹೊತ್ತಿಗೆ ದೋಣಿಗಳನ್ನು ಟಿವಿ ಮುಂದೆಯೇ ತಂದಿಟ್ಟುಕೊಂಡಳು. ಆರನೆಯದಕ್ಕೆ ದೋಣಿ ಮರೆತಳು.

ಕೂತಾಗಲೂ ನೀವು ನೋಡುವಲ್ಲೇ ಮಗು ನೋಡಬೇಕು ಅಂತೇನಿಲ್ಲ. “ಈಗ ನೋಡು, ಈಗ ಬರುತ್ತದೆ ನೋಡು” ಅಂತ ತೋರಿಸುವ ಆಸೆ ನನಗೂ ಬಹಳ ಇತ್ತು. ನಾನು ಕಾಯುತ್ತಿದ್ದದ್ದು ಸ್ವಾಮಿ, ಮಣಿ, ರಾಜಂ ಸೇರಿ ಆಡುವ ದೃಶ್ಯಗಳಿಗೆ. ಅವಳು ನೋಡುತ್ತಿದ್ದದ್ದು ಸ್ವಾಮಿಯ ಅಜ್ಜಿಯನ್ನು. “ಸ್ವಾಮಿಗೂ ಅಜ್ಜಿ ಇದ್ದು!” ಅಂದಳು. ನಾನು ಬೆರಗಾದೆ. ನನ್ನ ನೆನಪಿನಲ್ಲಿ ಆ ಅಜ್ಜಿ ಇರಲೇ ಇಲ್ಲ. ನನ್ನ ಅಜ್ಜಿ ಪಕ್ಕದಲ್ಲೇ ಕೂತಿದ್ದಳಲ್ಲ, ಇನ್ನೊಬ್ಬ ಅಜ್ಜಿಯನ್ನು ನಾನು ನೋಡಿರಲಿಕ್ಕಿಲ್ಲ. ಮಗಳು ಹುಟ್ಟುವ ಮೊದಲೇ ಅಜ್ಜಿ ಹೋದಳು. ನನ್ನ ಅಜ್ಜಿ ಹೇಗಿದ್ದಿರಬಹುದು ಅಂತ ಮಗಳು ಅಲ್ಲಿ ನೋಡುತ್ತಿದ್ದಳು.

ಸ್ವಾಮಿ ತನ್ನ ಗೆಳೆಯ ರಾಜಂನ ದೊಡ್ಡಸ್ತಿಕೆ ಹೇಳುತ್ತಲೇ ಇರುತ್ತಾನೆ. ಅಜ್ಜಿಗೂ ಹೇಳಲು ತನ್ನದೊಂದು ಕಥೆ ಇದೆ. ಅವನಿಗೆ ಪುರುಸೊತ್ತಿಲ್ಲ. “ಅಜ್ಜಿ ಮಾತು ಅಂವ ಕೇಳ್ತಾನೇ ಇಲ್ಲೆ” ಅಂತ ಮಗಳಿಗೆ ಬೇಜಾರು. ಅವತ್ತು ರಾತ್ರಿ ನಾರಾಯಣ್ ಅವರ ಪುಸ್ತಕದಿಂದ ಲಿಂಬೆಹಣ್ಣಿನ ಪ್ರಸಂಗ ಹೇಳಿದೆ. ಹೊಟ್ಟೆನೋವು ಅಂತ ಅಜ್ಜಿ ಲಿಂಬೆಹಣ್ಣು ತರಲು ಹೇಳುತ್ತಾಳೆ. ಸ್ವಾಮಿ ಕ್ರಿಕೆಟ್ ಆಡಲು ಓಡಿಬಿಡುತ್ತಾನೆ. ಆಮೇಲೆ ಮನಸ್ಸು ಕಚ್ಚುತ್ತದೆ. ಮಗಳು ಕತ್ತಲಲ್ಲಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮನೆ ಲಿಂಬೆ ಗಿಡದಲ್ಲಿ ಎಷ್ಟು ಕಾಯಿ ಇದ್ದು?” ಅಂತ ಕೇಳಿದಳು.

ಯಾವ ಕಂತಿನಿಂದ ಶುರು ಮಾಡಲಿ? ಎಲ್ಲವನ್ನೂ ನೋಡಬೇಕಾ?

ಸ್ವಾಮಿಯ ಕಥೆಯಿಂದ. ಶಂಕರ್ ನಾಗ್ ನಿರ್ದೇಶಿಸಿದ್ದು 39 ಕಂತು. 2006ರಲ್ಲಿ ಕವಿತಾ ಲಂಕೇಶ್ ಇನ್ನೂ 15 ಮಾಡಿದರು. ಎಲ್ಲವೂ ಸಣ್ಣ ಮಕ್ಕಳಿಗಲ್ಲ. ಮಾಲ್ಗುಡಿಯಲ್ಲಿ ದೊಡ್ಡವರ ಕಷ್ಟ ಜಾಸ್ತಿ. ಸ್ವಾಮಿಯ ಕಂತುಗಳು ಮುಗಿದ ಮೇಲೆ ನೀವು ಒಬ್ಬರೇ ಮೊದಲು ನೋಡಿ, ಆರಿಸಿ. ಲಾಟರಿಯಲ್ಲಿ ರೋಡ್ ಎಂಜಿನ್ ಗೆದ್ದು ಪೇಚಿಗೆ ಸಿಕ್ಕಿಕೊಳ್ಳುವವನ ಕಥೆಗೆ ನನ್ನ ಮಗಳು ಹೊಟ್ಟೆ ಹಿಡಿದು ನಕ್ಕಳು. ಚಾಕು ಸಾಣೆ ಹಿಡಿಯುವವನ ಕಥೆಯನ್ನು ನಾನು ಬಿಟ್ಟೆ, ಅದು ಇನ್ನೂ ಹತ್ತು ವರ್ಷ ಕಾಯಲಿ.

ದಿನಕ್ಕೆ ಒಂದೇ ಕಂತು. ನಮಗೆ ವಾರಕ್ಕೊಂದು ಸಿಗುತ್ತಿತ್ತು, ಆರು ದಿನ ಅದನ್ನೇ ಆಡುತ್ತಿದ್ದೆವು.

ಹೊಡೆಯುವ ದೃಶ್ಯಗಳಿವೆ. ಹಾರಿಸಬೇಕಾ?

ನಾನು ಹಾರಿಸಲಿಲ್ಲ. ಸ್ವಾಮಿಯ ಶಾಲೆಯಲ್ಲಿ ಬೆತ್ತ ಇದೆ. ಬೆತ್ತ ಇಲ್ಲದಿದ್ದರೆ ಅವನು ಶಾಲೆ ಬಿಟ್ಟು ಓಡುವುದೂ ಇಲ್ಲ, ಕಥೆಯೂ ಇಲ್ಲ. ಆದರೆ ಆ ಹೊತ್ತಿಗೆ ಮಗುವಿನ ಪಕ್ಕದಲ್ಲಿ ಇರಿ. ಅಡುಗೆಮನೆಗೆ ಹೋಗಬೇಡಿ.

ಮಗಳು ನನ್ನ ಮುಖ ನೋಡಿ ಕೇಳಿದಳು, “ಆಯಿ, ನಿಂಗೂ ಹೊಡೆದಿದ್ವಾ?” ಹೌದು ಅಂದೆ. ನಮ್ಮ ಶಾಲೆಯಲ್ಲೂ ನಾಗರಬೆತ್ತ ಇತ್ತು. ಮಗ್ಗಿ ತಪ್ಪಿದ್ದಕ್ಕೆ ನನ್ನ ಎಡಗೈಗೆ ಎರಡು ಏಟು ಬಿದ್ದಿತ್ತು, ಊಟದ ತಟ್ಟೆ ಹಿಡಿಯಲು ಆಗಿರಲಿಲ್ಲ. ಅವಳು ನನ್ನ ಅಂಗೈ ಬಿಡಿಸಿ ನೋಡಿದಳು. ಗೆರೆ ಇದೆಯಾ ಅಂತ ಹುಡುಕಿದಳು. ಈಗ ಯಾರೂ ಹಾಗೆ ಹೊಡೆಯುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದಕ್ಕೆ ನಿಷೇಧ ಇದೆ ಅಂತ ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಯಾರಾದರೂ ಹೊಡೆದರೆ ಮನೆಗೆ ಬಂದು ಹೇಳಬೇಕು ಅಂತಲೂ ಹೇಳಿದೆ. ಸುಮ್ನೆ ಕೂರಿಸಿ ಹೇಳಿದ್ದರೆ ಅವಳು ಕೇಳುತ್ತಿರಲಿಲ್ಲ. ಸ್ವಾಮಿಗೆ ಬಿದ್ದ ಏಟಿನಿಂದಾಗಿ ಕೇಳಿದಳು.

ಆಣೆ, ಖಾದಿ, ಬ್ರಿಟಿಷರು ಅಂದರೆ ಈಗಿನ ಮಕ್ಕಳಿಗೆ ಏನು ಅರ್ಥವಾಗುತ್ತದೆ?

ಊರಿನ ಸಂಗತಿಗೆ ಗಂಟು ಹಾಕಿ ಹೇಳಿ, ಅರ್ಥವಾಗುತ್ತದೆ.

ಮಾವಿನ ಹಣ್ಣಿನ ಲೆಕ್ಕ ನಿಮಗೆ ನೆನಪಿರಬಹುದು. ರಾಮನ ಹತ್ತಿರ ಹತ್ತು ಮಾವಿನಹಣ್ಣು, ಅದರಿಂದ 15 ಆಣೆ ಬರಬೇಕು. ಕೃಷ್ಣನಿಗೆ ನಾಲ್ಕೇ ಹಣ್ಣು ಬೇಕು. ಎಷ್ಟು ಕೊಡಬೇಕು? ಹಣ್ಣು ಕಳಿತಿತ್ತಾ, ಕಾಯಿಯಾ ಅನ್ನುವುದು ಸ್ವಾಮಿಯ ಚಿಂತೆ. ನನ್ನ ಮಗಳದ್ದು ಇನ್ನೂ ಮುಂದೆ ಹೋಯಿತು. “ಅಪ್ಪೆಮಿಡಿಯಾ?” ಉಪ್ಪಿನಕಾಯಿ ಭರಣಿ ನೋಡಿ ಬೆಳೆದ ಮಗುವಿಗೆ ಮಾವು ಅಂದ ಮೇಲೆ ಜಾತಿ ತಿಳಿಯದೆ ಬೆಲೆ ಹೇಗೆ ಹೇಳುವುದು? ಅಂಕೋಲೆಯ ಕರಿ ಈಶಾಡಿನ ಬೆಲೆಯೇ ಬೇರೆ, ಕಾಟು ಮಾವಿನ ಬೆಲೆಯೇ ಬೇರೆ. ಒಂದು ರೂಪಾಯಿಗೆ 16 ಆಣೆ ಅಂತ ಹೇಳಿ, ಹುಣಸೆ ಬೀಜ ಇಟ್ಟು ಲೆಕ್ಕ ಮಾಡಿದೆವು. ಆರು ಆಣೆ ಬಂತು. ಅವಳು ಇನ್ನೂ ಭಾಗಾಕಾರ ಕಲಿತಿಲ್ಲ.

ಸ್ವಾಮಿ ತನ್ನ ಟೋಪಿ ವಿದೇಶಿ ಅಂದುಕೊಂಡು ಬೆಂಕಿಗೆ ಹಾಕುತ್ತಾನೆ. ಅದು ಖಾದಿಯದ್ದು ಅಂತ ಆಮೇಲೆ ಅಪ್ಪ ಹೇಳುತ್ತಾರೆ. ಬಟ್ಟೆ ಯಾಕೆ ಸುಡುತ್ತಾರೆ ಅಂತ ಅವಳಿಗೆ ಗಾಬರಿ. ಅಂಕೋಲೆಯ ಕಥೆ ಹೇಳಿದೆ. 1930ರ ಏಪ್ರಿಲ್‌ನಲ್ಲಿ ಎಂ.ಪಿ. ನಾಡಕರ್ಣಿ ಮುಂದಾಳಾಗಿ ಅಲ್ಲಿ ಉಪ್ಪು ತಯಾರಿಸಿ ಕಾನೂನು ಮುರಿದರು. ಅದೂ ನಮ್ಮ ಸ್ವಾಮಿಯ ಕಾಲವೇ. ಆಮೇಲೆ ಅಂಕೋಲೆ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಅಂತ ನಿಂತು ಜಮೀನು ಕಳೆದುಕೊಂಡರು. ಮುಂದಿನ ಸಲ ಸಮುದ್ರಕ್ಕೆ ಹೋದಾಗ ಮಗಳು ನೀರು ನೆಕ್ಕಿ ನೋಡಿ ಕೇಳಿದಳು, “ಈ ಉಪ್ಪಾ?” ಈ ಉಪ್ಪೇ ಅಂದೆ.

ಮಗು ಅತ್ತರೆ ಏನು ಮಾಡುವುದು?

ಅಳಲಿ. ಮನೆಗೆಲಸದ ಸಿದ್ದನ ಕಥೆಗೆ ನನ್ನ ಮಗಳು ಅತ್ತಳು. ಪುಟ್ಟ ಲೀಲಾಳ ಜೊತೆ ಆಡುವ ಸಿದ್ದನ ಮೇಲೆ ಚಿನ್ನದ ಸರ ಕದ್ದ ಆರೋಪ ಬರುತ್ತದೆ. ಸರ ಮನೆಯಲ್ಲೇ ಹುಣಸೆಹಣ್ಣಿನ ಪಾತ್ರೆಯಲ್ಲಿ ಇರುತ್ತದೆ. ಸಿದ್ದ ವಾಪಸ್ ಬಂದನಾ ಅಂತ ಮೂರು ದಿನ ಕೇಳಿದಳು. ಬಂದ ಅಂತ ಹೇಳಿಬಿಡೋಣ ಅನಿಸಿತು. ಹೇಳಲಿಲ್ಲ. ನಾಲ್ಕನೇ ದಿನ ತೋಟಕ್ಕೆ ಕೆಲಸಕ್ಕೆ ಬಂದವರಿಗೆ ಅವಳೇ ಚಹಾದ ಲೋಟ ತೆಗೆದುಕೊಂಡು ಹೋದಳು, ಎರಡು ಕೈಯಲ್ಲಿ ಹಿಡಿದು, ತುಳುಕಿಸದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ.

ನೀವು ಅಳುವುದಾದರೆ ಅದಕ್ಕೂ ತಯಾರಾಗಿ. ಆಫೀಸಿನಿಂದ ಬೇಗ ಬಂದು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಮಗಳಿಗೆ ಮಾತು ಕೊಟ್ಟ ವೆಂಕಟರಾವ್‌ನ ಕಥೆ ಇದೆ. ಆ ಪಾತ್ರ ಮಾಡಿದವರು ವಿಷ್ಣುವರ್ಧನ್. ಐದು ರೂಪಾಯಿ ಸಂಬಳ ಜಾಸ್ತಿ ಆಗುತ್ತದೆ, ಅವನು ಮನೆ ಮುಟ್ಟುವಾಗ ಮಗು ಹೊಸ ಬಟ್ಟೆ ಹಾಕಿಕೊಂಡೇ ಮಲಗಿರುತ್ತದೆ. ಪಕ್ಕದ ಮನೆಯವರ ಮದುವೆಗೆ, ಅಡಿಕೆ ಕೊಯ್ಲಿಗೆ, ಬ್ಯಾಂಕಿನ ಕೆಲಸಕ್ಕೆ ಅಂತ ನಾನು ಮುಂದೂಡಿದ ಮಾತುಗಳೆಲ್ಲ ನೆನಪಾದವು. ಮರುದಿನವೇ ಶಿರಸಿ ಪೇಟೆಯ ಬಿಡಕಿಬೈಲಿಗೆ ಕರೆದುಕೊಂಡು ಹೋಗಿ ಐಸ್‌ಕ್ರೀಂ ಕೊಡಿಸಿದೆ. ಎರಡು ತಿಂಗಳ ಹಿಂದಿನ ಬಾಕಿ ಅದು.

ಮೊಬೈಲಿನಲ್ಲಿ ನೋಡಬಹುದಾ?

ಬೇಡ. ಎರಡು ತಲೆ ಒಂದು ಮೊಬೈಲಿಗೆ ಹಿಡಿಸುವುದಿಲ್ಲ. ಮಗುವಿನ ಮುಖವೂ ನಿಮಗೆ ಕಾಣುವುದಿಲ್ಲ. ಟಿವಿಗೆ ಹಾಕಿ.

ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನಡುವೆ ನಿಂತುಹೋದರೆ?

ಉಳಿದದ್ದನ್ನು ಬಾಯಲ್ಲಿ ಹೇಳಿ. ನಮ್ಮ ಮನೆಯ ಒಳ್ಳೆಯ ಸಂಜೆಗಳು ಅವೇ.

ರಾಮಾಯಣ, ಗುಡ್ಡದ ಭೂತ ಧಾರಾವಾಹಿಗಳನ್ನೂ ತೋರಿಸಬಹುದಾ?

ರಾಮಾಯಣ ಖಂಡಿತ. 1987ರ ಜನವರಿ 25ರಿಂದ ಭಾನುವಾರ ಬೆಳಿಗ್ಗೆ ಬರುತ್ತಿತ್ತು, 78 ಕಂತು. ಟಿವಿ ಇದ್ದ ಮನೆಯ ಜಗಲಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ ಅಂತ ಅಮ್ಮ ಈಗಲೂ ಹೇಳುತ್ತಾಳೆ. ಆದರೆ ನಮ್ಮ ಜಿಲ್ಲೆಯ ಮಕ್ಕಳು ಮೊದಲು ನೋಡುವುದು ಯಕ್ಷಗಾನದ ರಾವಣನನ್ನು. ನನ್ನ ಮಗಳು ಅಪ್ಪನ ಹೆಗಲ ಮೇಲೆ ಕೂತು ಕೆರೆಮನೆ ಮೇಳದ ಆಟ ನೋಡಿದವಳು. ಟಿವಿಯ ರಾವಣ ಬಂದಾಗ, “ಚಂಡೆ ಎಲ್ಲಿ?” ಅಂತ ಕಾದು ಕೂತಳು. ಆಟ ನೋಡಿರದ ಮಗುವಾದರೆ ಮೊದಲು ಆಟಕ್ಕೇ ಕರೆದುಕೊಂಡು ಹೋಗಿ. ಟಿವಿ ಎಲ್ಲಿಗೂ ಓಡಿಹೋಗುವುದಿಲ್ಲ.

ಸದಾನಂದ ಸುವರ್ಣ ಅವರ ‘ಗುಡ್ಡದ ಭೂತ’ ನನಗೂ ಬಹಳ ಇಷ್ಟ. ಪ್ರಕಾಶ್ ರೈ ಅವರನ್ನು ನಾವು ಮೊದಲು ಕಂಡಿದ್ದು ಅದರಲ್ಲೇ. ಆದರೆ ಸಣ್ಣ ಮಕ್ಕಳಿಗೆ ಬೇಡ. ಹೊರಗೆ ಗಾಳಿಗೆ ಅಡಿಕೆ ಮರ ಕಿರ್ರ್ ಅನ್ನುವ ಮನೆಗಳಲ್ಲಂತೂ ಬೇಡವೇ ಬೇಡ. ಹತ್ತು ವರ್ಷ ದಾಟಲಿ.

ಚಿತ್ರೀಕರಣ ಆದ ಜಾಗಕ್ಕೆ ಕರೆದುಕೊಂಡು ಹೋಗಬಹುದಾ?

ಆಗುಂಬೆಯ ದೊಡ್ಡಮನೆಯಲ್ಲೇ ಸ್ವಾಮಿಯ ಮನೆ ಇತ್ತು. ಅದು ಜನ ವಾಸ ಮಾಡುವ ಮನೆ. ಹೋದರೆ ನೆಂಟರ ಮನೆಗೆ ಹೋದ ಹಾಗೆ ಹೋಗಿ, ಕೇಳಿ ಒಳಗೆ ಕಾಲಿಡಿ.

ನಮಗೆ ಹತ್ತಿರವಾಗಿದ್ದು ಅರಸಾಳು. ತಾಳಗುಪ್ಪ–ಶಿವಮೊಗ್ಗ ರೈಲು ಮಾರ್ಗದ ಪುಟ್ಟ ನಿಲ್ದಾಣ. ಧಾರಾವಾಹಿಯಲ್ಲಿ ಅದೇ ಮಾಲ್ಗುಡಿ ಸ್ಟೇಷನ್. ಹಳೆಯ ಕಟ್ಟಡವನ್ನು ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ರಾಜಂ ಊರು ಬಿಟ್ಟು ಹೋಗುವ ರೈಲಿನ ದೃಶ್ಯಕ್ಕಾಗಿ ನಾನು ಅಲ್ಲಿಗೆ ಹೋಗಬೇಕಿತ್ತು. ನಾನು ಸಣ್ಣವಳಿದ್ದಾಗ ರೈಲು ಅಂತ ನೋಡಿದ್ದೇ ಆ ದೃಶ್ಯದಲ್ಲಿ. ಶಿರಸಿಗೆ ಇವತ್ತಿಗೂ ರೈಲಿಲ್ಲ, ಕರಾವಳಿಯಲ್ಲಿ ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ರೈಲು ಅಂದರೆ ಗೆಳೆಯರನ್ನು ಕರೆದುಕೊಂಡು ಹೋಗಿಬಿಡುವಂಥದ್ದು ಅಂತ ನನ್ನ ಮನಸ್ಸಿನಲ್ಲಿ ಎಷ್ಟೋ ವರ್ಷ ಕೂತಿತ್ತು.

ಮಗಳಿಗೆ ಹಾಗಿಲ್ಲ. ಅವಳು ಕುಮಟೆಯಲ್ಲಿ ರೈಲು ನೋಡಿದ್ದಾಳೆ. ಅವಳ ರೈಲಿನಲ್ಲಿ ಅತ್ತೆ ಬರುತ್ತಾಳೆ, ಕೈಯಲ್ಲಿ ಚೀಲ, ಚೀಲದಲ್ಲಿ ತಿಂಡಿ. ಅರಸಾಳಿನಲ್ಲಿ ನಾನು ಹಳಿ ನೋಡುತ್ತಾ ನಿಂತೆ. ಅವಳು ಹಳಿಯ ಬದಿಯಿಂದ ಮೂರು ಕಲ್ಲು ಆರಿಸಿದಳು. ಒಂದು ಸ್ವಾಮಿಗೆ, ಒಂದು ಮಣಿಗೆ, ಒಂದು ರಾಜಂಗೆ. “ರಾಜಂ ಹೋದ್ನಲೆ” ಅಂದೆ. “ರೈಲು ಮತ್ತೆ ಬತ್ತು” ಅಂದಳು.

ನಮಗೆ ಅಷ್ಟು ಇಷ್ಟವಾಗಿದ್ದು ಮಗುವಿಗೆ ಇಷ್ಟವಾಗದೇ ಹೋದರೆ?

ನೋವಾಗುತ್ತದೆ. ನನ್ನ ಅಕ್ಕನ ಮಗನಿಗೆ ಒಂದು ಕಂತೂ ಹಿಡಿಸಲಿಲ್ಲ. ಅಕ್ಕ ಅವತ್ತು ಊಟ ಮಾಡುವಾಗ ಒಂದು ಮಾತೂ ಆಡಲಿಲ್ಲ. ಒತ್ತಾಯ ಮಾಡಬೇಡಿ. ಎರಡು ವರ್ಷ ಬಿಟ್ಟು ಮತ್ತೆ ಕೇಳಿ. ಆಗಲೂ ಬೇಡ ಅಂದರೆ ಅವನು ನೋಡುವುದನ್ನು ಅವನ ಪಕ್ಕದಲ್ಲಿ ಕೂತು ನೀವು ನೋಡಿ. ಅಕ್ಕ ಈಗ ಅದನ್ನೇ ಮಾಡುತ್ತಿದ್ದಾಳೆ, ಅವಳಿಗೆ ಡೈನೋಸಾರುಗಳ ಹೆಸರೆಲ್ಲ ಬಾಯಿಪಾಠ.

ನೆನಪಿನಲ್ಲಿದ್ದ ದೃಶ್ಯ ಈಗ ನೋಡುವಾಗ ಇಲ್ಲವೇ ಇಲ್ಲ. ಕತ್ತರಿಸಿದ್ದಾರಾ?

ಈ ಪ್ರಶ್ನೆ ಕೇಳಿದವರು ಒಬ್ಬಿಬ್ಬರಲ್ಲ. ನನಗೂ ಆಯಿತು.

ಸ್ವಾಮಿ ಶಾಲೆ ಬಿಟ್ಟು ಓಡಿ ಕಾಡಿನಲ್ಲಿ ದಾರಿ ತಪ್ಪುತ್ತಾನಲ್ಲ, ಆಗ ಒಂದು ಆಕಳು ಬಂದು ಅವನಿಗೆ ದಾರಿ ತೋರಿಸುತ್ತದೆ. ಕೊರಳಲ್ಲಿ ಗಂಟೆ. ಗಂಟೆ ಸದ್ದು ಹಿಡಿದು ಅವನು ನಡೆಯುತ್ತಾನೆ. ಮೂವತ್ತು ವರ್ಷದಿಂದ ಆ ದೃಶ್ಯ ನನ್ನ ಕಣ್ಣ ಮುಂದಿದೆ. ಮಗಳಿಗೂ ಮೊದಲೇ ಹೇಳಿದ್ದೆ, ಕಾಡು ಬಂದಾಗ ಹೆದರಬೇಡ, ಆಕಳು ಬರುತ್ತದೆ ಅಂತ.

ಕಾಡು ಬಂತು. ಕತ್ತಲಾಯಿತು. ಸ್ವಾಮಿ ಅತ್ತ. ದೊಡ್ಡವರು ಅವನನ್ನು ಹುಡುಕಿ ಎತ್ತಿಕೊಂಡು ಬಂದರು. ಆಕಳು ಬರಲೇ ಇಲ್ಲ. ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದೆ. ಪುಸ್ತಕ ತೆಗೆದು ಆ ಅಧ್ಯಾಯ ಓದಿದೆ. ಎಲ್ಲೂ ಆಕಳಿಲ್ಲ.

ಯಾರೂ ಕತ್ತರಿಸಿರಲಿಲ್ಲ. ಅದು ಅಜ್ಜಿಯ ಆಕಳು. ಅವತ್ತು ನಾನು ಹೆದರಿ ಅವಳ ಸೀರೆಗೆ ಮುಖ ಒತ್ತಿದ್ದೆ. ಅಡಿಕೆ ಸುಲಿದ ಕೈಯ ಒಗರು ವಾಸನೆ ಈಗಲೂ ನೆನಪಿದೆ. ನಾನು ಪರದೆ ನೋಡುತ್ತಲೇ ಇರಲಿಲ್ಲ. ಅವಳು ಹೇಳುತ್ತಾ ಹೋದಳು, ನಾನು ಸೀರೆಯೊಳಗೆ ಕಣ್ಣು ಮುಚ್ಚಿಕೊಂಡೇ ಆಕಳು ನೋಡಿದೆ.

ಮಗಳು ನನ್ನ ಕೈ ಜಗ್ಗಿದಳು. “ಆಯಿ, ಆಕಳು ಎಲ್ಲಿ?”

ಅಜ್ಜಿಯ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ, ಮತ್ತೆ ಆ ದೃಶ್ಯ ಹಾಕು ಅಂದಳು. ಹಾಕಿದೆ. ಕಾಡು, ಕತ್ತಲು. ಹೊರಗೆ ಮಳೆ ಸಣ್ಣದಾಗಿತ್ತು. ಹಿಂದಿನ ಕೊಟ್ಟಿಗೆಯಲ್ಲಿ ನಮ್ಮ ಗೌರಿ ತಲೆ ಅಲ್ಲಾಡಿಸಿರಬೇಕು, ಗಂಟೆ ಎರಡು ಸಲ ಕೇಳಿತು.

“ಬಂತು” ಅಂದಳು ಮಗಳು. ಅವಳ ಕಣ್ಣು ಟಿವಿ ಮೇಲೇ ಇತ್ತು.